ಜೊಲ್ಲಿನ ಅಮೈಲೇಸ್‌ಗೆ ಉಪ್ಪು ಏಕೆ ಬೇಕು: ಕಿಣ್ವದ ವೇಗವನ್ನೂ ರಚನೆಯನ್ನೂ ಕೂಡಿಸಿ ಓದುವ ಕ್ರಮ

ಪದವಿ ತರಗತಿಗಳ ಜೀವರಸಾಯನಶಾಸ್ತ್ರದ ಪ್ರಯೋಗಗಳಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಾದ ಜೊಲ್ಲಿನ ಅಮೈಲೇಸ್ ತಪ್ಪದೇ ಬರುತ್ತದೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಗಳ ಯಾವ ಕಾಲೇಜಿನ ಜರ್ನಲ್ ತೆರೆದು ನೋಡಿದರೂ ಸಾಮಗ್ರಿಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪಿಷ್ಟದ ದ್ರಾವಣ, ಪಿಎಚ್ 6.8ರ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ತಡೆಯುವ ದ್ರಾವಣ), ಅಯೋಡಿನ್, ನೀರು ಬೆರೆಸಿದ ಜೊಲ್ಲು, ಮತ್ತು ಇವುಗಳ ನಡುವೆ ಯಾರ ಗಮನಕ್ಕೂ ಬಾರದ ಒಂದು ಮಿಲಿಲೀಟರ್ ಸೋಡಿಯಂ ಕ್ಲೋರೈಡ್. ಮೌಖಿಕ ಪರೀಕ್ಷೆಯಲ್ಲಿ ಈ ಉಪ್ಪು ಏಕೆ ಎಂದು ಕೇಳಿದರೆ ‘ಕ್ಲೋರೈಡ್ ಈ ಕಿಣ್ವವನ್ನು ಚುರುಕುಗೊಳಿಸುತ್ತದೆ’ ಎಂಬ ಉತ್ತರ ಬರುತ್ತದೆ, ಪರೀಕ್ಷಕರು ತಲೆಯಾಡಿಸುತ್ತಾರೆ, ಮಾತು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಹೇಗೆ ಚುರುಕುಗೊಳಿಸುತ್ತದೆ ಎಂಬುದನ್ನು ತಿಳಿಯಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ಯಾರಿ ಬ್ರೇಯರ್ ಮತ್ತು ಸ್ಟೀಫನ್ ವಿದರ್ಸ್ ಅವರ ತಂಡಗಳು, ಜೊಲ್ಲಿನದನ್ನು ಬಹುಮಟ್ಟಿಗೆ ಹೋಲುವ, ಮನುಷ್ಯನ ಮೇದೋಜೀರಕ ಗ್ರಂಥಿಯ ಅಮೈಲೇಸ್‌ನ ರಚನೆಯನ್ನು 1995ರಲ್ಲಿ ಪ್ರಕಟಿಸಿ, 2002ರಲ್ಲಿ ಕ್ಲೋರೈಡ್ ಕುಳಿತುಕೊಳ್ಳುವ ಜಾಗದ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿ ನೋಡಿದ ಮೇಲೆ ಈ ಪ್ರಶ್ನೆಗೆ ಗಟ್ಟಿಯಾದ ಉತ್ತರವೊಂದು ದೊರೆಯಿತು.

ಆ ಸಂಶೋಧನೆಯ ಮುಖ್ಯ ತರ್ಕವನ್ನು ಸಾಧಾರಣ ಕಾಲೇಜು ಪ್ರಯೋಗಾಲಯದಲ್ಲಿ, ನಮ್ಮ ಬಿಳಿಜೋಳದ ಮೊಳಕೆಯ ನೆರವಿನಿಂದ, ಕೈಯಾರೆ ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಹರಳು ಬೆಳೆಸಿ ಎಕ್ಸ್-ರೇ ಹಾಯಿಸುವ ಸೌಲಭ್ಯ ನಮ್ಮಲ್ಲಿ ಇರಲಾರದು, ಅದು ಬೇಕಾಗಿಯೂ ಇಲ್ಲ. ರಚನೆಯ ಮಾಹಿತಿ ಉಚಿತವಾಗಿ ಲಭ್ಯವಿದೆ. ಆದರೆ ಕಂಪ್ಯೂಟರ್ ಪರದೆಯ ಮೇಲಿನ ಬಣ್ಣದ ಚಿತ್ರವನ್ನು ನೋಡುವ ಮೊದಲು ಪ್ರನಾಳದಲ್ಲಿ ವೇಗವನ್ನು ಅಳೆದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಳತೆಯಿಲ್ಲದೆ ರಚನೆ ನೋಡಿದವರಿಗೆ ಚಿತ್ರದಲ್ಲಿ ಏನನ್ನು ಹುಡುಕಬೇಕೆಂಬುದೇ ತಿಳಿಯುವುದಿಲ್ಲ.

ಮೊದಲ ಕೆಲಸ: ಕ್ಲೋರೈಡ್ ಅನ್ನು ಹೊರಗಿಡುವುದು

ಉಪ್ಪು ಹಾಕಿದ ಪ್ರನಾಳವನ್ನು ಉಪ್ಪಿಲ್ಲದ ಪ್ರನಾಳದೊಂದಿಗೆ ಹೋಲಿಸಬೇಕಾದರೆ ಎರಡನೆಯದರಲ್ಲಿ ನಿಜವಾಗಿಯೂ ಉಪ್ಪು ಇರಬಾರದು. ಇದು ಹೇಳಿದಷ್ಟು ಸುಲಭವಲ್ಲ, ಮತ್ತು ಈ ಪ್ರಯೋಗ ಹಲವು ಕಡೆ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಎಂಬ ಷರಾದೊಂದಿಗೆ ಮುಗಿಯುವುದು ಇದೇ ಕಾರಣಕ್ಕೆ. ಮೇದೋಜೀರಕದ ಅಮೈಲೇಸ್ ಅರ್ಧದಷ್ಟು ಚುರುಕಾಗಲು ಲೀಟರಿಗೆ ಒಂದು ಮಿಲಿಮೋಲ್‌ಗಿಂತಲೂ ಕಡಿಮೆ ಕ್ಲೋರೈಡ್ ಸಾಕು. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ, ಅಂದರೆ ಸುಮಾರು 7 ಮಿಲಿಮೋಲ್. ಮಲಪ್ರಭೆಯಿಂದ ಬರುವ ನಳದ ನೀರಿರಲಿ, ಗದಗ ಸೀಮೆಯ ಸವುಳು ಬೋರ್‌ವೆಲ್ ನೀರಿರಲಿ, ಅದರಲ್ಲಿ ಪ್ರನಾಳ ತೊಳೆದು ಹಾಗೆಯೇ ಬಳಸಿದರೆ ಒಳಗೆ ಉಳಿದ ಹನಿಗಳೇ ಉತ್ತರವನ್ನು ಕೆಡಿಸಬಲ್ಲವು. ಆದ್ದರಿಂದ ಎಲ್ಲ ಗಾಜಿನ ಸಾಮಾನುಗಳನ್ನು ಕೊನೆಯಲ್ಲಿ ಭಟ್ಟಿ ಇಳಿಸಿದ ನೀರಿನಿಂದ ಮೂರು ಸಲ ಗಲಬರಿಸಬೇಕು. ಆ ನೀರನ್ನೂ ನಂಬಿ ಕೂರುವಂತಿಲ್ಲ. ಸ್ವಲ್ಪ ನೀರಿಗೆ ನೈಟ್ರಿಕ್ ಆಮ್ಲದ ಒಂದು ಹನಿ ಮತ್ತು ಸಿಲ್ವರ್ ನೈಟ್ರೇಟ್‌ನ ಎರಡು ಹನಿ ಹಾಕಿ, ಕಪ್ಪು ಕಾಗದವನ್ನು ಹಿಂದೆ ಹಿಡಿದು ನೋಡಿದಾಗ ಹಾಲಿನಂಥ ಮಬ್ಬು ಕಾಣದಿದ್ದರೆ ಮುಂದುವರಿಯಬಹುದು.

ಕ್ಲೋರೈಡ್ ಕಳ್ಳದಾರಿಯಿಂದ ಒಳಬರುವ ಇನ್ನೂ ಕೆಲವು ಜಾಗಗಳಿವೆ. ಫಾಸ್ಫೇಟ್ ಬಫರಿನ ಪಿಎಚ್ ಸರಿಪಡಿಸಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವುದು ರೂಢಿ. ಇಲ್ಲಿ ಅದು ಕೂಡದು. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಎರಡರ 0.1 ಮೋಲಾರ್ ದ್ರಾವಣಗಳನ್ನು ಬೇರೆಬೇರೆ ಮಾಡಿಟ್ಟುಕೊಂಡು, ಬೇಕಾದ ಪಿಎಚ್ ಬರುವ ತನಕ ಒಂದಕ್ಕೊಂದು ಬೆರೆಸಬೇಕು. ಪಿಎಚ್ ಮೀಟರಿನ ಕಡ್ಡಿಯೊಳಗೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತದೆ, ಅದು ಸಣ್ಣದಾಗಿ ಒಸರುತ್ತಲೇ ಇರುತ್ತದೆ. ಆದಕಾರಣ ಕಡ್ಡಿಯನ್ನು ಬಫರಿನ ಬಾಟಲಿಗೇ ಅದ್ದದೆ, ಬೀಕರಿಗೆ ಬೇರೆಯಾಗಿ ತೆಗೆದ ಅಂಶವನ್ನು ಅಳೆದು ಅದನ್ನು ಚೆಲ್ಲಬೇಕು. ಸುಲಭವಾಗಿ ಕರಗುವ ಪಿಷ್ಟವನ್ನು ತಯಾರಿಸುವಾಗ ಆಮ್ಲದಲ್ಲಿ ನೆನೆಸಿರುತ್ತಾರೆ, ಆದ್ದರಿಂದ ಅದನ್ನೂ ತಣ್ಣೀರಿನಲ್ಲಿ ಕದಡಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರನ್ನು ಬಸಿದು, ಸಿಲ್ವರ್ ನೈಟ್ರೇಟ್ ಪರೀಕ್ಷೆಯಲ್ಲಿ ಮಬ್ಬು ಕಾಣದಷ್ಟು ಸಲ ತೊಳೆದರೆ ಒಳಿತು. ಇಷ್ಟು ಪಾಡುಪಡಬೇಕೇ ಎಂದು ಅನ್ನಿಸಬಹುದು. ಒಮ್ಮೆ ಶ್ರದ್ಧೆಯಿಂದ ಮಾಡಿಟ್ಟರೆ ಅದೇ ದ್ರಾವಣಗಳಿಂದ ಎಲ್ಲ ತಂಡಗಳ ಕೆಲಸವೂ ಸಾಗುತ್ತದೆ.

ಜೊಲ್ಲಿನಲ್ಲಿಯೂ ಸ್ವಾಭಾವಿಕವಾಗಿ ಕ್ಲೋರೈಡ್ ಇರುತ್ತದೆ. ಅದನ್ನು ತೆಗೆಯುವ ಶಾಸ್ತ್ರೀಯ ವಿಧಾನ ಡಯಾಲಿಸಿಸ್ ಚೀಲ, ಅಂದರೆ ಕಿಣ್ವವನ್ನು ಒಳಗೇ ಉಳಿಸಿಕೊಂಡು ಸಣ್ಣ ಅಯಾನುಗಳನ್ನು ಹೊರಬಿಡುವ ಪೊರೆಯ ಚೀಲ. ಅದಿಲ್ಲದಿದ್ದರೆ ಕಿಣ್ವವನ್ನು ಸಾಕಷ್ಟು ತೆಳುಗೊಳಿಸಿದರೂ ನಡೆಯುತ್ತದೆ, ಏಕೆಂದರೆ ಕಿಣ್ವದ ಜೊತೆಗೆ ಕ್ಲೋರೈಡ್ ಕೂಡ ತೆಳುವಾಗುತ್ತದೆ. ಬಾಯನ್ನು ಭಟ್ಟಿ ಇಳಿಸಿದ ನೀರಿನಿಂದ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಶುದ್ಧವಾದ ಬೀಕರಿನಲ್ಲಿ ಜೊಲ್ಲು ಹಿಡಿದು, ಹತ್ತಿಯ ಮೂಲಕ ಸೋಸಿ, 1 ಮಿಲಿಲೀಟರ್ ಜೊಲ್ಲಿಗೆ 49 ಮಿಲಿಲೀಟರ್ ನೀರು ಸೇರಿಸಬೇಕು. ಪ್ರತಿಯೊಬ್ಬರೂ ತಮ್ಮ ಜೊಲ್ಲನ್ನು ಮಾತ್ರ ಮುಟ್ಟಬೇಕು ಮತ್ತು ಪಿಪೆಟ್ಟನ್ನು ಬಾಯಿಯಿಂದ ಎಳೆಯಬಾರದು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲವಾದರೂ, ಹೇಳದೆ ಬಿಡುವಂತೆಯೂ ಇಲ್ಲ.

ಜೊಲ್ಲಿನ ಓಟ

ಪಿಷ್ಟವನ್ನು 0.2 ಪ್ರತಿಶತದಷ್ಟು ತೆಗೆದುಕೊಂಡು ಮೊದಲು ತಣ್ಣೀರಿನಲ್ಲಿ ಕಲಸಿ, ಕುದಿಯುವ ನೀರಿಗೆ ಸುರಿದು, ತಿಳಿಯಾಗುವವರೆಗೆ ಕುದಿಸಿ ಆರಿಸಬೇಕು. ಪ್ರತಿ ಪ್ರನಾಳಕ್ಕೆ ಈ ಪಿಷ್ಟ 5 ಮಿಲಿಲೀಟರ್, ಪಿಎಚ್ 6.8ರ ಬಫರ್ 2 ಮಿಲಿಲೀಟರ್, ಲವಣದ ದ್ರಾವಣ 1 ಮಿಲಿಲೀಟರ್, ನೀರು 1 ಮಿಲಿಲೀಟರ್ ಹಾಕಿ 37 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಹತ್ತು ನಿಮಿಷ ಇಟ್ಟು, ಆಮೇಲೆ ತೆಳುಗೊಳಿಸಿದ ಜೊಲ್ಲು 1 ಮಿಲಿಲೀಟರ್ ಸೇರಿಸಿ ಗಡಿಯಾರ ಒತ್ತಬೇಕು. ಧಾರವಾಡದ ಚಳಿಗಾಲದ ಮುಂಜಾನೆಗೂ ಬೇಸಗೆಯ ಮಧ್ಯಾಹ್ನಕ್ಕೂ ಕೋಣೆಯ ಉಷ್ಣತೆ ಬಹಳ ಬೇರೆಯಾಗುವುದರಿಂದ ತೊಟ್ಟಿಯಿಲ್ಲದೆ ಮಾಡಿದ ಅಳತೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದು ಅರ್ಥಹೀನ.

ಲವಣದ ದ್ರಾವಣ ಎರಡು ಬಗೆಯದು. ಮೊದಲನೆಯದು 0.2 ಮೋಲಾರ್ ಸೋಡಿಯಂ ಕ್ಲೋರೈಡ್, ಅಂದರೆ 100 ಮಿಲಿಲೀಟರಿಗೆ 1.17 ಗ್ರಾಂ. ಎರಡನೆಯದು 100 ಮಿಲಿಲೀಟರಿಗೆ 0.95 ಗ್ರಾಂ ನಿರ್ಜಲ ಸೋಡಿಯಂ ಸಲ್ಫೇಟ್. ಎರಡನೆಯ ಪ್ರನಾಳಕ್ಕೆ ಬರಿಯ ನೀರು ಹಾಕಿದರೆ ಸಾಲದೇ ಎಂದು ಕೇಳಬಹುದು. ಸಾಲದು, ಏಕೆಂದರೆ ಉಪ್ಪು ಸೇರಿದಾಗ ದ್ರಾವಣದ ಒಟ್ಟು ಅಯಾನುಗಳ ಪ್ರಭಾವವೂ ಬದಲಾಗುತ್ತದೆ, ಮತ್ತು ವೇಗ ಹೆಚ್ಚಿದ್ದು ಯಾವುದೇ ಉಪ್ಪಿನಿಂದಲೋ ಕ್ಲೋರೈಡ್‌ನಿಂದಲೋ ಎಂಬ ಅನುಮಾನ ಉಳಿದುಬಿಡುತ್ತದೆ. ಮೇಲಿನ ಪ್ರಮಾಣಗಳಲ್ಲಿ ಎರಡೂ ದ್ರಾವಣಗಳ ಅಯಾನಿಕ ಬಲ ಸಮನಾಗಿದೆ. ಸಲ್ಫೇಟ್ ಮಾತ್ರ ಈ ಕಿಣ್ವವನ್ನು ಕ್ಲೋರೈಡ್‌ನಂತೆ ಎಬ್ಬಿಸುವುದಿಲ್ಲ.

ಬಿಳಿ ಟೈಲ್ಸಿನ ಮೇಲೆ ಅಯೋಡಿನ್ ಹನಿಗಳನ್ನು ಸಾಲಾಗಿ ಇಟ್ಟುಕೊಂಡು, ಅರ್ಧ ನಿಮಿಷಕ್ಕೊಮ್ಮೆ ಪ್ರನಾಳದ ಒಂದು ಹನಿಯನ್ನು ಅದಕ್ಕೆ ಸೇರಿಸುತ್ತಾ ಹೋಗಬೇಕು. ಮೊದಲ ಹನಿಗಳು ಗಾಢ ನೀಲಿ. ಕ್ಲೋರೈಡ್ ಇರುವ ಪ್ರನಾಳದಲ್ಲಿ ಅದು ನೇರಳೆಗೆ ತಿರುಗಿ, ಕೆಂಗಂದಾಗಿ, ಕಡೆಗೆ ಅಯೋಡಿನ್‌ನ ಹಳದಿಯಷ್ಟೇ ಉಳಿಯುತ್ತದೆ. ಅದೇ ಅಕ್ರೋಮಿಕ್ ಪಾಯಿಂಟ್. ಕ್ಲೋರೈಡ್ ಇರುವ ಪ್ರನಾಳ ಐದಾರು ನಿಮಿಷಗಳಲ್ಲಿ ಈ ಹಂತ ತಲುಪುವಂತೆ ಜೊಲ್ಲಿನ ತೆಳುವನ್ನು ಹೊಂದಿಸಿಕೊಳ್ಳಬೇಕು, ಏಕೆಂದರೆ ಜೊಲ್ಲಿನ ಅಮೈಲೇಸ್ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಸಲ್ಫೇಟ್ ಪ್ರನಾಳ ಅಷ್ಟು ಹೊತ್ತಿಗೆ ಇನ್ನೂ ನೀಲಿಯಲ್ಲಿಯೇ ಇರುವುದನ್ನು ಕಾಣಬಹುದು. ತಗುಲಿದ ಸಮಯದ ವಿಲೋಮವನ್ನು, ಅಂದರೆ ಒಂದನ್ನು ಸಮಯದಿಂದ ಭಾಗಿಸಿದ ಸಂಖ್ಯೆಯನ್ನು, ವೇಗದ ಅಳತೆಯೆಂದು ಬರೆದುಕೊಳ್ಳಬೇಕು. ಕೊನೆಯ ಬಣ್ಣವನ್ನು ನಿರ್ಧರಿಸುವುದು ಕಣ್ಣಾದ್ದರಿಂದ, ಯಾವ ಪ್ರನಾಳದಲ್ಲಿ ಏನಿದೆ ಎಂಬುದನ್ನು ಜೊತೆಗಾರರೊಬ್ಬರು ಮಾತ್ರ ತಿಳಿದಿದ್ದು, ನೋಡುವವರಿಗೆ ‘ಅ’, ‘ಆ’ ಎಂಬ ಗುರುತುಗಳಷ್ಟೇ ಕಾಣುವಂತೆ ಏರ್ಪಾಟು ಮಾಡುವುದು ಉತ್ತಮ. ನಿರೀಕ್ಷೆಯಿರುವ ಕಣ್ಣು ಬಣ್ಣವನ್ನು ಬೇಗ ಬದಲಿಸಿಬಿಡುತ್ತದೆ. ಕಲರಿಮೀಟರ್ ಮತ್ತು ಡೈನೈಟ್ರೋಸ್ಯಾಲಿಸಿಲಿಕ್ ಆಮ್ಲ ಲಭ್ಯವಿದ್ದರೆ 540 ನ್ಯಾನೋಮೀಟರಿನಲ್ಲಿ ಪಿಷ್ಟ ಒಡೆದು ಬಿಡುಗಡೆಯಾದ ಮಾಲ್ಟೋಸ್ ಸಕ್ಕರೆಯನ್ನು ಅಳೆಯುವ ವಿಧಾನ ಇದಕ್ಕಿಂತ ನಿಖರವಾದುದು.

ಇದಾದ ಮೇಲೆ ಕ್ಲೋರೈಡ್ ಪ್ರಮಾಣವನ್ನು ಏರಿಸುತ್ತ ಹೋಗಬೇಕು: ಪ್ರನಾಳದಲ್ಲಿ ಅಂತಿಮವಾಗಿ 0.1, 0.3, 1, 3, 10, 20 ಮಿಲಿಮೋಲಾರ್ ಆಗುವಂತೆ ಉಪ್ಪನ್ನೂ, ಕೊರತೆಯನ್ನು ತುಂಬುವಷ್ಟು ಸಲ್ಫೇಟ್ ಅನ್ನೂ ಸೇರಿಸಬೇಕು. ವೇಗ ಮೊದಲು ಸರಸರನೆ ಏರಿ, ಬರಬರುತ್ತ ಮಟ್ಟಸವಾಗುತ್ತದೆ. 1913ರಲ್ಲಿ ಮೈಕಲಿಸ್ ಮತ್ತು ಮೆಂಟೆನ್ ಅವರು ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್‌ನಲ್ಲಿ ಕಂಡ ವಕ್ರರೇಖೆಯ ಆಕಾರವೇ ಇದು, ಆದರೆ ಅಡ್ಡ ಅಕ್ಷದಲ್ಲಿರುವುದು ಕಿಣ್ವವು ಒಡೆಯುವ ಪದಾರ್ಥವಲ್ಲ, ಒಡೆಯದೇ ಉಳಿಯುವ ಅಯಾನು. ಏರಿದ ಭಾಗದ ಅರ್ಧ ಎತ್ತರ ಯಾವ ಕ್ಲೋರೈಡ್ ಪ್ರಮಾಣದಲ್ಲಿ ಸಿಗುತ್ತದೆ ಎಂಬುದನ್ನು ರೇಖೆಯಿಂದಲೇ ಓದಿಕೊಳ್ಳಬೇಕು. ವಿಲೋಮಗಳ ನೇರಗೆರೆ ಎಳೆಯುವ ಲೈನ್‌ವೀವರ್–ಬರ್ಕ್ ವಿಧಾನ ಪಠ್ಯಗಳಲ್ಲಿ ಪ್ರಿಯವಾಗಿದ್ದರೂ, ಅತಿ ಕಡಿಮೆ ಪ್ರಮಾಣದಲ್ಲಿನ ಸಣ್ಣ ದೋಷವನ್ನು ಅದು ಹಿಗ್ಗಿಸಿ ತೋರಿಸುವುದರಿಂದ ಇಲ್ಲಿ ಅದನ್ನು ಬಿಡುವುದೇ ಲೇಸು. ವಕ್ರರೇಖೆ ಒಂದು ಮಿತಿಗೆ ಬಂದು ನಿಲ್ಲುತ್ತದೆ ಎಂಬುದರಿಂದ ಒಂದು ಸಂಗತಿ ಸೂಚಿತವಾಗುತ್ತದೆ: ಕ್ಲೋರೈಡ್ ಸುಮ್ಮನೆ ದ್ರಾವಣದಲ್ಲಿ ಅಲೆದಾಡಿ ಪ್ರಭಾವ ಬೀರುತ್ತಿಲ್ಲ, ಕಿಣ್ವದ ಮೈಮೇಲೆ ಅದಕ್ಕೊಂದು ಗೊತ್ತಾದ ಜಾಗವಿದೆ, ಆ ಜಾಗಗಳು ತುಂಬಿದ ಮೇಲೆ ಹೆಚ್ಚಿನ ಕ್ಲೋರೈಡ್‌ಗೆ ಕೆಲಸವಿಲ್ಲ.

ಬಿಳಿಜೋಳದ ಮೊಳಕೆ

ಎಲ್ಲ ಅಮೈಲೇಸ್‌ಗಳಿಗೂ ಕ್ಲೋರೈಡ್ ಬೇಕೇ? ಇದನ್ನು ಕೇಳಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗವಿಲ್ಲ, ಏಕೆಂದರೆ ಹೋಲಿಕೆಗೆ ಬೇಕಾದ ಕಿಣ್ವ ಸಂತೆಯಲ್ಲಿ ಸಿಗುವ ಮಾಲದಂಡಿ ಜೋಳದಲ್ಲಿಯೇ ಇದೆ. ಕಿಣ್ವಗಳ ಇತಿಹಾಸ ಆರಂಭವಾದದ್ದೂ ಮೊಳಕೆಕಾಳಿನಿಂದಲೇ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಅವರು ಮೊಳೆತ ಬಾರ್ಲಿಯ ರಸಕ್ಕೆ ಆಲ್ಕೊಹಾಲ್ ಸೇರಿಸಿ, ಪಿಷ್ಟವನ್ನು ಕರಗಿಸುವ ‘ಡಯಾಸ್ಟೇಸ್’ ಎಂಬ ಪದಾರ್ಥವನ್ನು ಬೇರ್ಪಡಿಸಿದ್ದರು.

ತಿನ್ನಲು ಮಾರುವ ಬಿಳಿಜೋಳವನ್ನೇ ಕೊಳ್ಳಬೇಕು. ಬಿತ್ತನೆ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಅದನ್ನು ಬಳಸಬಾರದು. ಕೆಂಪು ಅಥವಾ ಕಂದು ಸಿಪ್ಪೆಯ ಜೋಳದಲ್ಲಿ ಟ್ಯಾನಿನ್ ಇರುವ ಸಂಭವವಿದ್ದು ಅದು ಕಿಣ್ವವನ್ನು ತಡೆಯುತ್ತದೆ. ಹಿಂಗಾರಿನ ಸುಗ್ಗಿಯ ನಂತರದ, ತೀರ ಹಳೆಯದಲ್ಲದ ಕಾಳನ್ನು ಒಂದು ರಾತ್ರಿ ನೆನೆಸಿ, ನಡುವೆ ನೀರು ಬದಲಿಸಿ, ಒದ್ದೆ ಅರಿವೆಯಲ್ಲಿ ತೆಳುವಾಗಿ ಹರಡಿ ಮೂರು ನಾಲ್ಕು ದಿನ ಇಡಬೇಕು. ಮಳೆಗಾಲದಲ್ಲಿ ಬೂಸಲು ಬೇಗ ಹಿಡಿಯುತ್ತದೆ. ಬೂಸಲಿಗೂ ತನ್ನದೇ ಅಮೈಲೇಸ್ ಇರುವುದರಿಂದ ಬೂಸಲು ಕಂಡ ಕಾಳನ್ನು ಎತ್ತಿ ಒಗೆಯಬೇಕು. ಮೊಳಕೆ ಬಂದ ಕಾಳನ್ನು ನೆರಳಿನ ಗಾಳಿಯಲ್ಲಿ, ಇಲ್ಲವೇ 50 ಡಿಗ್ರಿಗೆ ಮೀರದ ಓವನ್ನಿನಲ್ಲಿ ಒಣಗಿಸಿ, ಬೇರು ಮತ್ತು ಮೊಳಕೆಯನ್ನು ಅಂಗೈಯಲ್ಲಿ ಉಜ್ಜಿ ಕೇರಿ ತೆಗೆಯಬೇಕು. ಎಳೆ ಜೋಳದ ಪೈರನ್ನು ಮೇದ ದನಕ್ಕೆ ವಿಷವೇರುತ್ತದೆ ಎಂದು ನಮ್ಮ ರೈತರೆಲ್ಲ ಬಲ್ಲರು. ಸಯನೈಡ್ ಬಿಡುಗಡೆ ಮಾಡುವ ಧುರಿನ್ ಎಂಬ ಅದೇ ಪದಾರ್ಥ ಮೊಳಕೆಯಲ್ಲಿಯೂ ಕೂಡಿಕೊಳ್ಳುವುದರಿಂದ ಉಳಿದ ಮೊಳಕೆಯನ್ನು ತಿನ್ನಲಾಗಲಿ ದನಕ್ಕೆ ಹಾಕಲಾಗಲಿ ಬಾರದು.

ಒಣಗಿದ ಕಾಳಿನ ಹಿಟ್ಟು 1 ಗ್ರಾಂಗೆ, 2 ಮಿಲಿಮೋಲಾರ್ ಕ್ಯಾಲ್ಸಿಯಂ ಅಸಿಟೇಟ್ ಇರುವ ನೀರು 20 ಮಿಲಿಲೀಟರ್ ಹಾಕಿ ಅರ್ಧ ಗಂಟೆ ಕದಡಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆದುಕೊಳ್ಳಬೇಕು. ಪಠ್ಯಗಳು ಹೇಳುವ ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲಿ ಬೇಡ ಎಂಬುದು ಇಷ್ಟು ಹೊತ್ತಿಗೆ ಓದುಗರಿಗೇ ಹೊಳೆದಿರುತ್ತದೆ. ಜೋಳದ ಅಮೈಲೇಸ್ ಜೊಲ್ಲಿನದಕ್ಕಿಂತ ಆಮ್ಲೀಯ ವಾತಾವರಣವನ್ನು ಬಯಸುವುದರಿಂದ ಪಿಎಚ್ 5ರ ಅಸಿಟೇಟ್ ಬಫರಿನಲ್ಲಿ, ಮೊದಲಿನಂತೆಯೇ ಕ್ಲೋರೈಡ್ ಮತ್ತು ಸಲ್ಫೇಟ್ ಪ್ರನಾಳಗಳ ಜೋಡಿಯನ್ನು ಓಡಿಸಬೇಕು. ಜೊತೆಗೆ ಕುದಿಸಿ ಕೊಂದ ತಿಳಿಯ ಪ್ರನಾಳವೊಂದು ಇರಲೇಬೇಕು. ಎರಡೂ ಪ್ರನಾಳಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಣ್ಣ ಕಳೆದುಕೊಳ್ಳುತ್ತವೆ, ಏಕೆಂದರೆ ಸಸ್ಯಗಳ ಆಲ್ಫಾ ಅಮೈಲೇಸ್‌ಗೆ (ಜೊಲ್ಲಿನದೂ ಆಲ್ಫಾ ಬಗೆಯದೇ) ಕ್ಲೋರೈಡ್‌ನ ಹಂಗಿಲ್ಲ.

ಇಲ್ಲಿ ಎಚ್ಚರದ ವಿದ್ಯಾರ್ಥಿಯೊಬ್ಬರು ಆಕ್ಷೇಪ ಎತ್ತಬಹುದು: ಜೊಲ್ಲನ್ನು 6.8ರಲ್ಲಿ ನೋಡಿದಿರಿ, ಜೋಳವನ್ನು 5ರಲ್ಲಿ ನೋಡಿದಿರಿ, ವ್ಯತ್ಯಾಸ ಪಿಎಚ್‌ನದ್ದೇ ಆಗಿರಬಾರದೇಕೆ? ಆಕ್ಷೇಪ ಸರಿಯಾದುದು. ಎರಡೂ ಕಿಣ್ವಗಳನ್ನು ಪಿಎಚ್ 6.0ರ ಒಂದೇ ಬಫರಿನಲ್ಲಿ, ಅವುಗಳಿಗೆ ಅದು ಅತ್ಯಂತ ಹಿತಕರವಲ್ಲದಿದ್ದರೂ, ಮತ್ತೊಮ್ಮೆ ಓಡಿಸಿ ತೋರಿಸದೆ ಈ ಪ್ರಯೋಗ ಪೂರ್ಣವಾಗುವುದಿಲ್ಲ.

ಈಗ ರಚನೆಯನ್ನು ತೆರೆಯುವುದು

1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಜೊಲ್ಲಿನ ಅಮೈಲೇಸ್‌ನ ರಚನೆ 1ಎಸ್‌ಎಂಡಿ ಎಂಬ ಸಂಕೇತದಡಿ ಇದೆ. ಅದರ ಸ್ಪಷ್ಟತೆ 1.6 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು), ಅಂದರೆ ಒಂದೊಂದು ಪರಮಾಣುವಿನ ಜಾಗವನ್ನು ನಂಬಿಕೆಯಿಂದ ಗುರುತಿಸಬಹುದಾದಷ್ಟು. ಮೋಲ್‌ಸ್ಟಾರ್ ಎಂಬ ವೀಕ್ಷಕ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ಮೊಬೈಲಿನಲ್ಲಿಯೂ ನಡೆಯುತ್ತದೆಯಾದರೂ ದೂರಗಳನ್ನು ಅಳೆಯಲು ಕಂಪ್ಯೂಟರ್ ಮೌಸ್ ಇದ್ದರೆ ಅನುಕೂಲ.

ಮೊದಲ ನೋಟಕ್ಕೆ 496 ಅಮೈನೋ ಆಮ್ಲಗಳ ಸುರುಳಿಗಳ ಗೊಂದಲ ಕಾಣುತ್ತದೆ. ಅದರ ನಡುವೆ ಎಂಟು ಬೀಟಾ ಎಳೆಗಳು ವೃತ್ತವಾಗಿ ನಿಂತು, ಅವುಗಳ ಹೊರಗೆ ಎಂಟು ಆಲ್ಫಾ ಸುರುಳಿಗಳು ಸುತ್ತುವರಿದ ಪೀಪಾಯಿಯ ಆಕಾರವನ್ನು ಹುಡುಕಬೇಕು. ಪೀಪಾಯಿಯ ಒಂದು ತುದಿಯ ಸೀಳಿನಲ್ಲಿ ಸಕ್ರಿಯ ತಾಣ, ಅಂದರೆ ಪಿಷ್ಟವನ್ನು ಕತ್ತರಿಸುವ ಜಾಗ ಇದೆ. ಕಿಣ್ವದ ಸರಪಳಿಯಲ್ಲಿ 197ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ, 233ನೇ ಗ್ಲುಟಾಮಿಕ್ ಆಮ್ಲ, 300ನೇ ಆಸ್ಪಾರ್ಟಿಕ್ ಆಮ್ಲ ಈ ಮೂರನ್ನು ಆಯ್ದು ಕಡ್ಡಿಗಳ ರೂಪದಲ್ಲಿ ತೋರಿಸಿದರೆ ಅವು ಒಂದಕ್ಕೊಂದು ಎದುರಾಗಿ ನಿಂತಿರುವುದು ಕಾಣುತ್ತದೆ. 1953ರಲ್ಲಿ ಕೋಶ್‌ಲ್ಯಾಂಡ್ ಸೂಚಿಸಿದ ಎರಡು ಹೆಜ್ಜೆಗಳ ಕ್ರಮದಲ್ಲಿ ಇವುಗಳ ಕೆಲಸ ನಡೆಯುತ್ತದೆ. ಮೊದಲ ಹೆಜ್ಜೆಯಲ್ಲಿ 197ನೆಯದು ಸಕ್ಕರೆಯ ಇಂಗಾಲಕ್ಕೆ ತಾನೇ ಅಂಟಿಕೊಳ್ಳುತ್ತದೆ, ಅದೇ ಕ್ಷಣ 233ನೆಯದು ಕಡಿದುಹೋಗುವ ಸರಪಳಿಗೆ ಒಂದು ಪ್ರೋಟಾನ್ ಕೊಟ್ಟು ಬೀಳ್ಕೊಡುತ್ತದೆ. ಎರಡನೆಯ ಹೆಜ್ಜೆಯಲ್ಲಿ ಅದೇ 233 ನೀರಿನ ಅಣುವಿನಿಂದ ಪ್ರೋಟಾನ್ ಹಿಂಪಡೆದು, ಆ ನೀರಿನಿಂದ ಸಕ್ಕರೆಯನ್ನು 197ರ ಹಿಡಿತದಿಂದ ಬಿಡಿಸುತ್ತದೆ. ಮನುಷ್ಯನ ಮೇದೋಜೀರಕದ ಅಮೈಲೇಸ್‌ನಲ್ಲಿ 197ನೆಯದನ್ನು ಬದಲಿಸಿದಾಗ ಕಿಣ್ವದ ಸಾಮರ್ಥ್ಯ ಹತ್ತು ಲಕ್ಷ ಪಟ್ಟಿನವರೆಗೂ ಕುಸಿಯಿತು.

ಇನ್ನು ಕ್ಲೋರೈಡ್. ಅದನ್ನು ಆಯ್ದು, ಸುತ್ತ 4 ಆಂಗ್‌ಸ್ಟ್ರಾಂ ಒಳಗಿನ ಅಮೈನೋ ಆಮ್ಲಗಳನ್ನು ತೋರಿಸಲು ಹೇಳಿದರೆ 195ನೇ ಆರ್ಜಿನೈನ್, 298ನೇ ಆಸ್ಪರಾಜಿನ್, 337ನೇ ಆರ್ಜಿನೈನ್ ಕಾಣಸಿಗುತ್ತವೆ. ಕ್ಲೋರೈಡ್ ಸಕ್ಕರೆಯ ಸರಪಳಿಯನ್ನು ಮುಟ್ಟುವುದೇ ಇಲ್ಲ, ಆದರೆ 233ರಿಂದ ಬಹಳ ದೂರದಲ್ಲಿಯೂ ಇಲ್ಲ. ಆ ದೂರವನ್ನು ಅಳೆದು ಜರ್ನಲ್‌ನಲ್ಲಿ ಬರೆದುಕೊಳ್ಳಬೇಕು. ಇದೇ ರಚನೆಯಲ್ಲಿ ಕ್ಯಾಲ್ಸಿಯಂ ಅಯಾನು ಕೂಡ ಇದೆ, ಮತ್ತು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಸಾರ್ಥಕ. ಎಕ್ಸ್-ರೇ ಕಾಣುವುದು ಎಲೆಕ್ಟ್ರಾನುಗಳನ್ನು ಮಾತ್ರ. ಕ್ಯಾಲ್ಸಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನುಗಳಿವೆ, ಕ್ಲೋರೈಡ್ ಅಯಾನಿನಲ್ಲಿಯೂ 18. ಹಾಗಾದರೆ ಯಾವ ಚುಕ್ಕೆ ಯಾವುದು ಎಂದು ಸಂಶೋಧಕರು ಹೇಗೆ ತೀರ್ಮಾನಿಸಿದರು? ನೆರೆಹೊರೆ ನೋಡಿ. ಕ್ಯಾಲ್ಸಿಯಂ ಸುತ್ತ ಸುಮಾರು 2.4 ಆಂಗ್‌ಸ್ಟ್ರಾಂ ದೂರದಲ್ಲಿ ಆಮ್ಲಜನಕ ಪರಮಾಣುಗಳು ಮುತ್ತಿಕೊಂಡಿವೆ. ಕ್ಲೋರೈಡ್ ಸುತ್ತ ಸುಮಾರು 3.3 ಆಂಗ್‌ಸ್ಟ್ರಾಂ ದೂರದಲ್ಲಿ ಆರ್ಜಿನೈನ್‌ಗಳ ಧನವಿದ್ಯುತ್ತಿನ ಸಾರಜನಕಗಳಿವೆ. ಎರಡನ್ನೂ ವಿದ್ಯಾರ್ಥಿಗಳೇ ಅಳೆದು ನೋಡಿದರೆ, ರಚನೆಯೆಂಬುದು ಛಾಯಾಚಿತ್ರವಲ್ಲ, ವಾದ ಮಾಡಿ ಗಳಿಸಿದ ತೀರ್ಮಾನ ಎಂಬುದು ಅರಿವಾಗುತ್ತದೆ.

ಬಳಿಕ ಜೋಳದಂತೆಯೇ ಹುಲ್ಲಿನ ಕುಟುಂಬದ ಧಾನ್ಯವಾದ ಬಾರ್ಲಿಯ ಅಮೈಲೇಸ್ ರಚನೆಯನ್ನು, ಅಂದರೆ 1ಎಚ್‌ಟಿ6 ಅನ್ನು, ಅದೇ ಕಿಟಕಿಯಲ್ಲಿ ತೆರೆಯಬೇಕು. ಇಲ್ಲಿ ಸಕ್ರಿಯ ತಾಣದ ಮೂವರು 180, 205 ಮತ್ತು 291ನೇ ಸ್ಥಾನಗಳಲ್ಲಿದ್ದಾರೆ. ಎರಡೂ ರಚನೆಗಳ ಈ ಮೂರು ಅಮೈನೋ ಆಮ್ಲಗಳು ಒಂದರ ಮೇಲೊಂದು ಕೂರುವಂತೆ ಜೋಡಿಸಿ, ಜೊಲ್ಲಿನ ಕಿಣ್ವದ ಕ್ಲೋರೈಡ್ ಇದ್ದ ಜಾಗಕ್ಕೆ ಬಾರ್ಲಿಯಲ್ಲಿ ಏನಿದೆ ಎಂದು ನೋಡಬೇಕು. ಕತ್ತರಿಸುವ ಯಂತ್ರ ಒಂದೇ, ಕ್ಲೋರೈಡ್ ಇಲ್ಲ. ಅಲ್ಲಿ ಯಾವ ಅಮೈನೋ ಆಮ್ಲಗಳು ಸುತ್ತುವರಿದಿವೆ ಎಂಬುದನ್ನು ಪಟ್ಟಿ ಮಾಡಿ ಜೊಲ್ಲಿನ ಪಟ್ಟಿಯ ಎದುರಿಗೆ ಬರೆದುಕೊಳ್ಳಬೇಕು.

ರಚನೆ ಹೇಳದೆ ಬಿಡುವ ಮಾತು

ಕ್ಲೋರೈಡ್ ಎಲ್ಲಿದೆ ಎಂಬುದು ತಿಳಿಯಿತು, ಅದು ಏನು ಮಾಡುತ್ತದೆ ಎಂಬುದು ತಿಳಿಯಲಿಲ್ಲ. 233ನೆಯದು ಪ್ರೋಟಾನ್ ಕೊಡಬೇಕಾದರೆ ಅದರ ಬಳಿ ಪ್ರೋಟಾನ್ ಇರಬೇಕು. ಆದರೆ ಪ್ರೋಟಾನಿನ ಸುತ್ತ ಎಲೆಕ್ಟ್ರಾನುಗಳು ತೀರ ವಿರಳವಾದ ಕಾರಣ 1.6 ಆಂಗ್‌ಸ್ಟ್ರಾಂ ಸ್ಪಷ್ಟತೆಯ ಎಕ್ಸ್-ರೇ ರಚನೆಯಲ್ಲಿ ಅದು ಕಾಣುವುದಿಲ್ಲ. ಇದನ್ನು ತಿಳಿಯಲು ಮತ್ತೆ ವೇಗದ ಕಡೆಗೇ ಬರಬೇಕಾಗುತ್ತದೆ. ವ್ಯಾಂಕೂವರ್ ತಂಡ ಮಾಡಿದ್ದು ಅದನ್ನೇ. ಅವರು 337ನೇ ಆರ್ಜಿನೈನ್ ಅನ್ನು ವಿದ್ಯುದಂಶವಿಲ್ಲದ ಅಮೈನೋ ಆಮ್ಲಕ್ಕೆ ಬದಲಿಸಿದಾಗ ಕಿಣ್ವ ಕ್ಲೋರೈಡ್ ಅನ್ನು ಹಿಡಿಯುವುದನ್ನು ಬಿಟ್ಟಿತು, ಆದರೆ ಕೆಲಸ ಬಿಡಲಿಲ್ಲ; ಕ್ಲೋರೈಡ್‌ನ ಅಗತ್ಯವೇ ಇಲ್ಲದೆ, ಮೂಲ ಕಿಣ್ವದಂಥದೇ ಪಿಎಚ್ ನಡವಳಿಕೆಯೊಂದಿಗೆ ನಡೆಯಿತು. ಇದರಿಂದ ಅವರು ಕಟ್ಟಿದ ವಾದ ಹೀಗಿದೆ. 337ರ ಧನವಿದ್ಯುತ್ತು ಹತ್ತಿರದ 233ರಿಂದ ಪ್ರೋಟಾನ್ ಸುಲಭವಾಗಿ ಕಳಚಿಕೊಳ್ಳುವಂತೆ ಮಾಡುತ್ತದೆ, ಅಂದರೆ ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಕಳಚಿಕೊಂಡಿರುವ ಪಿಎಚ್) ತಗ್ಗಿಸುತ್ತದೆ. ಋಣವಿದ್ಯುತ್ತಿನ ಕ್ಲೋರೈಡ್ ನಡುವೆ ಬಂದು ಕುಳಿತಾಗ ಆ ಪ್ರಭಾವ ತಣಿದು, ಬಾಯಿಯಲ್ಲಿಯೂ ಸಣ್ಣ ಕರುಳಿನಲ್ಲಿಯೂ ಇರುವ ತಟಸ್ಥದ ಆಸುಪಾಸಿನ ಪಿಎಚ್‌ನಲ್ಲಿ 233ನೆಯದು ಪ್ರೋಟಾನ್ ಅನ್ನು ಹಿಡಿದಿಟ್ಟುಕೊಳ್ಳಬಲ್ಲದಾಗುತ್ತದೆ. ಕಾಟ ಕೊಡುವ ಆರ್ಜಿನೈನ್ ಅನ್ನೇ ತೆಗೆದುಹಾಕಿದರೆ ಕ್ಲೋರೈಡ್ ಬೇಡವಾಗುತ್ತದೆ.

ಈ ವಾದವನ್ನು ಜೀನ್ ಬದಲಿಸದೆಯೂ ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ವಾದ ನಿಜವಾದರೆ, ಕ್ಲೋರೈಡ್ ಇಲ್ಲದಾಗ ಜೊಲ್ಲಿನ ಅಮೈಲೇಸ್‌ನ ಇಷ್ಟದ ಪಿಎಚ್ ಆಮ್ಲೀಯ ಕಡೆಗೆ ಸರಿಯಬೇಕು, ಮತ್ತು ಪಿಎಚ್ ಏರಿದಂತೆಲ್ಲ ಕ್ಲೋರೈಡ್‌ನಿಂದಾಗುವ ಲಾಭವೂ ಏರಬೇಕು. ಆದ್ದರಿಂದ 5.8, 6.3, 6.8, 7.3 ಈ ನಾಲ್ಕು ಪಿಎಚ್‌ಗಳ ಫಾಸ್ಫೇಟ್ ಬಫರುಗಳಲ್ಲಿ ಕ್ಲೋರೈಡ್ ಮತ್ತು ಸಲ್ಫೇಟ್ ಜೋಡಿಗಳನ್ನು ಓಡಿಸಿ, ಪ್ರತಿ ಪಿಎಚ್‌ನಲ್ಲಿಯೂ ಕ್ಲೋರೈಡ್ ವೇಗವನ್ನು ಸಲ್ಫೇಟ್ ವೇಗದಿಂದ ಭಾಗಿಸಬೇಕು. 5.8ರಲ್ಲಿ ಬರುವ ಅನುಪಾತಕ್ಕಿಂತ 7.3ರಲ್ಲಿ ಬರುವ ಅನುಪಾತ ದೊಡ್ಡದಾಗಿದ್ದರೆ, ಕಣ್ಣಿಗೆ ಕಾಣದ ಒಂದು ಪ್ರೋಟಾನಿನ ಸುದ್ದಿಯನ್ನು ಅಯೋಡಿನ್ ಹನಿಗಳ ಸಾಲಿನಿಂದ ಓದಿದಂತಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗಮಾಲೆಯಲ್ಲಿ ಹೆಚ್ಚು ಅಂಕ ಕೊಡಬೇಕಾದ ಭಾಗ ಇದು.

ವರದಿ ಬರೆಯುವಾಗ ತಾವು ಅಳೆದದ್ದನ್ನು, ರಚನೆಯ ಕಡತದಿಂದ ಅಳೆದದ್ದನ್ನು, ಇತರರ ಸಂಶೋಧನೆಯಿಂದ ಎತ್ತಿಕೊಂಡದ್ದನ್ನು ಬೇರೆಬೇರೆ ವಾಕ್ಯಗಳಲ್ಲಿಯೇ ಬರೆಯಬೇಕು. ‘ಕ್ಲೋರೈಡ್ 233ರ ಪಿಕೆಎ ಏರಿಸುತ್ತದೆ ಎಂದು ಕಂಡುಬಂದಿತು’ ಎಂದು ಯಾವ ವಿದ್ಯಾರ್ಥಿಯೂ ಬರೆಯುವಂತಿಲ್ಲ. ಕಂಡುಬಂದದ್ದು ಪಿಎಚ್ ಏರಿದಂತೆ ಅನುಪಾತ ಏರಿದ್ದು, ಅದು ಆ ವಿವರಣೆಗೆ ಹೊಂದುತ್ತದೆ ಎಂಬುದಷ್ಟೇ ಅವರ ಪಾಲಿನ ಮಾತು.

ಸಮಯವಿದ್ದವರು ಇನ್ನೊಂದು ಹೆಜ್ಜೆ ಹೋಗಬಹುದು. ತಮ್ಮ ಊರಿನ ಬೋರ್‌ವೆಲ್ ನೀರನ್ನು ಹತ್ತು, ಮೂವತ್ತು, ನೂರು ಪಟ್ಟು ತೆಳುಗೊಳಿಸಿ, ಉಪ್ಪಿನ ದ್ರಾವಣದ ಜಾಗದಲ್ಲಿ ಅದನ್ನೇ ಜೊಲ್ಲಿನ ಪ್ರನಾಳಕ್ಕೆ ಹಾಕಿ, ಬಂದ ವೇಗವನ್ನು ಮೊದಲು ಎಳೆದಿಟ್ಟ ವಕ್ರರೇಖೆಯ ಮೇಲೆ ಗುರುತಿಸಿದರೆ ಆ ನೀರಿನ ಕ್ಲೋರೈಡ್ ಅಂದಾಜು ಸಿಗುತ್ತದೆ. ರಕ್ತದ ಕ್ಲೋರೈಡ್ ಅಳೆಯಲು ಅಮೈಲೇಸ್ ಅನ್ನು ಬಳಸುವ ವೈದ್ಯಕೀಯ ಪರೀಕ್ಷೆಗಳೂ ಇದೇ ತತ್ತ್ವದ ಮೇಲೆ ನಿಂತಿವೆ. ಆ ಅಂದಾಜನ್ನು ಸಿಲ್ವರ್ ನೈಟ್ರೇಟ್ ಅನುಮಾಪನದ ಉತ್ತರದೊಂದಿಗೆ ಹೋಲಿಸಬೇಕು. ಕಿಣ್ವದ ಅಂದಾಜು ಹೆಚ್ಚು ಬಂದರೆ ನೀರಿನಲ್ಲಿ ನೈಟ್ರೇಟ್ ಇದೆಯೇ ಎಂದು ನೋಡಬೇಕು, ಏಕೆಂದರೆ ನೈಟ್ರೇಟ್ ಕೂಡ ಕ್ಲೋರೈಡ್‌ನ ಜಾಗದಲ್ಲಿ ಕುಳಿತು ಈ ಕಿಣ್ವವನ್ನು ಒಂದಿಷ್ಟು ಎಬ್ಬಿಸಬಲ್ಲದು, ಆದರೆ ಸಿಲ್ವರ್‌ನೊಂದಿಗೆ ಮಬ್ಬು ಕೊಡುವುದಿಲ್ಲ.